ಸವತಿ ವಾಡಿಗೆ ಹೋದ ದಿನ

ನನಗೊಬ್ಬಳು ಸವತಿ ಇದ್ದಳು. ಹೀಗೆಂದರೆ ಚಿತ್ತಾಪುರದ ನಮ್ಮ ಓಣಿಯಲ್ಲಿ ಯಾರೂ ಬೆಚ್ಚಿಬೀಳುವುದಿಲ್ಲ. ಆಕೆ ಒಂದು ರೈಲು ಎಂಜಿನ್ ಎಂಬುದು ಎಲ್ಲರಿಗೂ ಗೊತ್ತು. ಹಳೆಯ ಡೀಸೆಲ್ ಎಂಜಿನ್. ಕೋಡ್ಲಾ ಕಡೆಯ ಕಾರ್ಖಾನೆಯಿಂದ ಸಿಮೆಂಟ್ ತುಂಬಿದ ವ್ಯಾಗನ್ನುಗಳನ್ನು ಎಳೆದುಕೊಂಡು ಸೇಡಂ, ಚಿತ್ತಾಪುರ ದಾಟಿ ವಾಡಿ ಜಂಕ್ಷನ್ನಿಗೆ ಹೋಗುತ್ತಿತ್ತು. ನನ್ನ ಯಜಮಾನರು ಆ ಕಾರ್ಖಾನೆಯಲ್ಲಿ ವ್ಯಾಗನ್ ತುಂಬಿಸುವ ಕಡೆ ಮೇಲ್ವಿಚಾರಕರಾಗಿದ್ದರು. ಮುಂಜಾನೆ ಪ್ಯಾಸೆಂಜರ್ ಗಾಡಿಗೆ ಹೋಗಿ ಸಂಜೆಗೆ ಬರುತ್ತಿದ್ದರು. ಹಗಲೆಲ್ಲ ಹಳಿಗಳ ನಡುವೆ ಇದ್ದವರಿಗೆ ರಜೆಯ ದಿನವಾದರೂ ಸಾಕೆನಿಸಬೇಕಲ್ಲ? ಇಲ್ಲ. ರವಿವಾರ ಬಂತೆಂದರೆ ವಾಡಿಗೆ ಹೋಗಿ, ಸ್ಟೇಷನ್ನಿನ ಮೇಲ್ಸೇತುವೆಯಲ್ಲಿ ನಿಂತು, ಬಂದುಹೋಗುವ ಎಂಜಿನ್ನುಗಳನ್ನು ನೋಡುವ ಚಟ. ಬೇರೆಯವರ ಗಂಡಂದಿರು ಇಸ್ಪೀಟ್ ಎಲೆ ಆಡಲಿಕ್ಕೆ ಹೋಗುತ್ತಾರೆ, ನನ್ನ ಗಂಡ ಎಂಜಿನ್ ನೋಡಲಿಕ್ಕೆ ಹೋಗುತ್ತಾನೆ ಎಂದು ನಾನು ತವರಿನಲ್ಲಿ ಹೇಳಿಕೊಂಡು ನಗುತ್ತಿದ್ದೆ.

ತವರು ಎಂದರೆ ಚಿಂಚೋಳಿ ತಾಲ್ಲೂಕಿನ ಚಿಮ್ಮನಚೋಡ. ಅಲ್ಲಿಗೆ ರೈಲಿಲ್ಲ. ಕನ್ಯೆ ನೋಡಲು ಬಂದ ದಿನ ಇವರು ಚಹಾ ಕುಡಿದು, ಕಪ್ಪು ಕೆಳಗಿಟ್ಟು, ನಮ್ಮಪ್ಪನನ್ನು ಕೇಳಿದ ಮೊದಲ ಮಾತು, "ಇಲ್ಲಿತನಕ ರೈಲಿನ ಸಪ್ಪಳ ಕೇಳ್ತದೇನ್ರಿ?" ನಮ್ಮಪ್ಪ ಗಾಬರಿಯಾಗಿ, "ಇಲ್ಲಪ್ಪ, ಬಸ್ಸಿಂದು ಕೇಳ್ತದ" ಎಂದ. ಹುಡುಗಿಗೆ ಅಡಿಗೆ ಬರುತ್ತದೆಯೇ, ಓದು ಎಷ್ಟಾಗಿದೆ, ಒಂದನ್ನೂ ಕೇಳಲಿಲ್ಲ ಪುಣ್ಯಾತ್ಮ. ಬಾಗಿಲ ಮರೆಯಲ್ಲಿ ನಿಂತಿದ್ದ ನನಗೆ ಸಿಟ್ಟೂ ಬಂತು, ನಗುವೂ ಬಂತು.

ಸವತಿ ಎಂದು ಹೆಸರಿಟ್ಟವಳು ನಾನೇ. ನಮ್ಮ ಮನೆ ಸ್ಟೇಷನ್ನಿನ ಹಿಂದಿನ ಓಣಿಯಲ್ಲಿದೆ. ಮದುವೆಯಾದ ಹೊಸದರಲ್ಲಿ ಒಂದು ಸಂಜೆ ಊಟಕ್ಕೆ ಕುಳಿತವರು ರೊಟ್ಟಿಯ ತುತ್ತು ಕೈಯಲ್ಲಿ ಹಿಡಿದುಕೊಂಡೇ ಸುಮ್ಮನಾಗಿಬಿಟ್ಟರು. ಪಲ್ಯಕ್ಕೆ ಉಪ್ಪು ಹೆಚ್ಚಾಯಿತೇನೋ ಎಂದು ನನ್ನ ಜೀವ ಬಾಯಿಗೆ ಬಂತು. ನೋಡಿದರೆ ಇವರು ಸ್ಟೇಷನ್ ಕಡೆ ಕಿವಿ ಕೊಟ್ಟಿದ್ದಾರೆ.

"ಆಕಿ ಬಂದಾಳ" ಎಂದರು.

"ಯಾರಾಕಿ?"

"ನಮ್ಮ ಕೋಡ್ಲಾ ಎಂಜಿನ್. ಕೇಳು, ಎಳೆಯೂಕ್ಕಿಂತ ಮೊದಲ ಒಮ್ಮಿ ಕೆಮ್ತಾಳ. ಮತ್ತ ಯಾವ ಎಂಜಿನ್ನೂ ಹಂಗ ಕೆಮ್ಮಂಗಿಲ್ಲ."

ನಿಜವಾಗಿಯೂ ಕೆಮ್ಮಿತು. ಗಂಟಲು ಸರಿಮಾಡಿಕೊಂಡ ಹಾಗೆ ಒಂದು ಸಪ್ಪಳ, ಒಂದು ಕ್ಷಣ ಮೌನ, ಆಮೇಲೆ ಗುಡುಗುಡು ಎಂದು ನೆಲ ಅದುರಿಸುತ್ತ ಹೊರಟಿತು. ಇವರ ಮುಖದಲ್ಲಿ ಆಗ ಮೂಡಿದ ತೃಪ್ತಿಯನ್ನು ನನ್ನ ಯಾವ ಅಡಿಗೆಯೂ ಆವರೆಗೆ ತಂದಿರಲಿಲ್ಲ. "ನನಗ ಸವತಿ ಇದ್ದದ್ದು ಮೊದಲೇ ಹೇಳಬಾರದಿತ್ತೇನ್ರಿ?" ಎಂದೆ. ಅಂದಿನಿಂದ ಅದೇ ಹೆಸರು ನಿಂತಿತು.

ನನ್ನದು ಸೀರೆಗೆ ಫಾಲ್ಸ್ ಹಚ್ಚಿ ಪಿಕೋ ಮಾಡುವ ಚಿಕ್ಕ ಅಂಗಡಿ. ಜೊತೆಗೆ ಮ್ಯಾಚಿಂಗ್ ಬ್ಲೌಸ್ ಪೀಸೂ ಇಡುತ್ತೇನೆ. ಬಣ್ಣದ ಮಟ್ಟಿಗೆ ನನ್ನ ಕಣ್ಣು ಮೋಸಹೋಗುವುದಿಲ್ಲ. ರಾಣಿ ಕಲರ್ ಎಲ್ಲಿ ಮುಗಿದು ಮೆಜೆಂಟಾ ಎಲ್ಲಿ ಶುರುವಾಗುತ್ತದೆ ಎಂಬುದನ್ನು ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳುತ್ತೇನೆ. ಇವರ ಜೊತೆ ವಾಡಿಯ ಮೇಲ್ಸೇತುವೆಗೆ ಹೋಗತೊಡಗಿದ ಮೇಲೆ ನಾನು ಎಂಜಿನ್ನುಗಳನ್ನೂ ಸೀರೆಯ ಹಾಗೆಯೇ ನೋಡಿದೆ. ಇದು ಬಾಟಲ್ ಗ್ರೀನ್, ಅಂಚಿನ ದಡಿ ಅರಿಶಿಣ. ಅದು ಚಟ್ನಿ ಕಲರ್, ತೊಳೆದು ತೊಳೆದು ಬೆಳ್ಳಗಾಗಿದೆ. ಇವರು ನಂಬರು ನೋಡುತ್ತಿದ್ದರು, ಸಪ್ಪಳ ಕೇಳುತ್ತಿದ್ದರು. ನಾನು ಬಣ್ಣ ಹೇಳುತ್ತಿದ್ದೆ. ಹೀಗೆ ನಮ್ಮ ಸಂಸಾರ ನಡೆಯಿತು.

ಈ ಹುಚ್ಚು ಇವರೊಬ್ಬರದೇ ಅಲ್ಲ. ನಮ್ಮ ಕಡೆ ಇಂಥವರು ಇದ್ದಾರೆ. ದಂಡೋತಿಯ ಒಬ್ಬ ರೈತ ದಿನಾ ಟಂಟಂ ಆಟೋದಲ್ಲಿ ಚಿತ್ತಾಪುರಕ್ಕೆ ಹಾಲು ತರುತ್ತಾನೆ. ಹಾಲಿಗಿಂತ ಮೊದಲು ಸ್ಟೇಷನ್ ನೋಡುತ್ತಾನೆ. ಶಹಾಬಾದಿನಲ್ಲಿ ಒಬ್ಬರು ಔಷಧಿ ಅಂಗಡಿಯವರು. ಸೇಡಂನಲ್ಲಿ ಒಬ್ಬ ಚಹಾದವನು. ಎಲ್ಲರೂ ಸೇರಿ ಫೋನಿನಲ್ಲಿ ಒಂದು ಗ್ರೂಪ್ ಮಾಡಿಕೊಂಡಿದ್ದಾರೆ. ಯಾವ ಗಾಡಿ ತಡ, ಯಾವ ಹೊಸ ಎಂಜಿನ್ ಬಂತು, ಎಲ್ಲಿ ಹಳಿ ಕೆಲಸ ನಡೆದಿದೆ ಎಂಬ ಸುದ್ದಿಯೆಲ್ಲ ಅಲ್ಲಿ. ಎಂಜಿನ್ ಕಂಡಾಗ ಬರೆಯಲು ಒಂದು ಕಟ್ಟುನಿಟ್ಟಿನ ಪದ್ಧತಿ ಇದೆ: ನಂಬರು, ಊರು, ದಿಕ್ಕು. ಅಷ್ಟೇ. ಬೆಳಗಿನ ಶುಭಾಶಯ, ಗುಲಾಬಿ ಹೂವಿನ ಚಿತ್ರ ಹಾಕಿದವರನ್ನು ಮುಲಾಜಿಲ್ಲದೆ ಹೊರಗೆ ಹಾಕುತ್ತಾರೆ. ಈ ಪದ್ಧತಿ ತಂದವರು ನನ್ನ ಯಜಮಾನರೇ. "ಕಂಡದ್ದಷ್ಟೇ ಬರೀರಿ, ಖಾಲಿಪೀಲಿ ಮಾತು ಬ್ಯಾಡ" ಎಂದು ಎಲ್ಲರಿಗೂ ತಾಕೀತು ಮಾಡಿದ್ದರು.

ಆಮೇಲೆ ನಮ್ಮ ಹಳಿಯ ಮೇಲೆ ವಿದ್ಯುತ್ ತಂತಿ ಬಂತು. ಕರೆಂಟ್ ಎಂಜಿನ್ನುಗಳು ಬಂದವು. ಸವತಿಯನ್ನು ತಾಂಡೂರಿನಾಚೆ ಯಾವುದೋ ಯಾರ್ಡಿನಲ್ಲಿ ವ್ಯಾಗನ್ ಹಿಂದೆ ಮುಂದೆ ದೂಡುವ ಕೆಲಸಕ್ಕೆ ಹಾಕಿದರಂತೆ. ಅದೇ ಹೊತ್ತಿಗೆ ಇವರ ಕಣ್ಣೂ ಕೈಕೊಡತೊಡಗಿತು. ಶುಗರ್ ಮೊದಲೇ ಇತ್ತು. ಒಂದು ದಿನ ಅಂಗಡಿಗೆ ಬಂದು ನೀಲಿ ರೀಲನ್ನು ಹಿಡಿದು, "ಈ ಕರೀ ದಾರ ಯಾಕ ಇಲ್ಲಿ ಬಿದ್ದಾದ?" ಎಂದರು. ನಾನು ತಮಾಷೆ ಎಂದುಕೊಂಡೆ. ತಮಾಷೆಯಾಗಿರಲಿಲ್ಲ. ಮೊದಲು ನೀಲಿ ಹೋಯಿತು, ಆಮೇಲೆ ಅಂಚುಗಳು ಹೋದವು, ಆಮೇಲೆ ಮುಖಗಳು. ಕಲಬುರಗಿಗೆ ಹೋದೆವು, ಹೈದರಾಬಾದಿಗೆ ಹೋದೆವು. ಹೋದ ಕಡೆಯೆಲ್ಲ "ನೋಡೋಣ, ಸುಧಾರಿಸಬಹುದು" ಎಂದರು. ನೆಂಟರು ಬಂದು "ಬರ್ತದ ಬಿಡ್ರಿ, ಫಿಕರ್ ಮಾಡಬ್ಯಾಡ್ರಿ" ಎಂದರು. ನಾನೂ ಅದನ್ನೇ ಹೇಳಿದೆ, ಇನ್ನೇನು ಹೇಳಲಿ? ಕಣ್ಣು ಬರಲಿಲ್ಲ.

ಕಣ್ಣು ಹೋದ ಮೇಲೆ ಮನುಷ್ಯ ಮೂಕರಾದರು. ನಾನು ದಿನಾ ಗ್ರೂಪಿನ ಸುದ್ದಿ ಓದಿ ಹೇಳುತ್ತಿದ್ದೆ. ಸ್ಟೇಷನ್ನಿಗೆ ಕರೆದುಕೊಂಡು ಹೋಗಿ ಬಂದ ಎಂಜಿನ್ನಿನ ಬಣ್ಣ, ದಡಿ, ಸೆರಗು ಎಲ್ಲ ಬಿಡಿಸಿ ಹೇಳುತ್ತಿದ್ದೆ. "ಹೂಂ" ಎನ್ನುತ್ತಿದ್ದರು. ಕರೆಂಟ್ ಎಂಜಿನ್ನುಗಳ ಸಪ್ಪಳ ಅವರಿಗೆ ಒಂದರಿಂದ ಒಂದು ಬೇರೆ ಅನಿಸುತ್ತಿರಲಿಲ್ಲ. "ಎಲ್ಲಾ ಒಂದೇ ಮಿಕ್ಸರ್ ತಿರುಗಿದಂಗ ಕೇಳ್ತಾವ" ಎಂದು ಒಮ್ಮೆ ಹೇಳಿದವರು ಆಮೇಲೆ ಸ್ಟೇಷನ್ನಿಗೆ ಬರುವುದನ್ನೂ ಬಿಟ್ಟರು. ಎಡಗಿವಿಯಲ್ಲಿ ಆಗಾಗ ಗುಂಯ್ ಎನ್ನುತ್ತದೆ ಎಂದೂ ಹೇಳತೊಡಗಿದರು. ಅದನ್ನು ಹೇಳುವಾಗ ಅವರ ದನಿ ಸಣ್ಣಗಾಗುತ್ತಿತ್ತು. ಕಿವಿಯೊಂದೇ ಅವರ ಪಾಲಿಗೆ ಉಳಿದಿದ್ದು. ಅದೂ ಹೋದರೆ ಎಂಬ ಹೆದರಿಕೆ ಅವರನ್ನು ಒಳಗೊಳಗೇ ತಿನ್ನುತ್ತಿದೆ ಎಂದು ನನಗೆ ಗೊತ್ತಿತ್ತು.

ಕಳೆದ ಚಳಿಗಾಲ, ಎಳ್ಳಮಾಸಿ ಹತ್ತಿರ ಬಂದಾಗ, ಗ್ರೂಪಿನಲ್ಲಿ ಸುದ್ದಿ ಬಂತು. ಕೋಡ್ಲಾ ಎಂಜಿನ್ನಿನ ಕೆಲಸ ಮುಗಿಯಿತು, ಇನ್ನು ಅದನ್ನು ವಾಡಿ ಮೇಲಿಂದ ಸಾಗಿಸಿ ಗುಜರಿಗೆ ಹಾಕುತ್ತಾರೆ ಎಂದು. ಓದಬೇಕೋ ಬೇಡವೋ ಎಂದು ತಡವರಿಸಿ ಕಡೆಗೆ ಓದಿದೆ. ಎಷ್ಟೋ ತಿಂಗಳ ಮೇಲೆ ಅವರು ನೆಟ್ಟಗೆ ಕುಳಿತರು.

"ನನ್ನದೊಂದ ಆಸೆ ಅದ" ಎಂದರು. "ಆಕಿ ಗುಜರಿಗಿ ಹೋಗೂದರೊಳಗ ಒಮ್ಮಿ ಆಕಿ ಸಪ್ಪಳ ಕೇಳ್ಬೇಕು. ಅದೊಂದು ಕೇಳಿಸಿಬಿಡು. ಮತ್ತೇನೂ ಕೇಳಂಗಿಲ್ಲ ನಿನಗ."

ಅವತ್ತಿನಿಂದ ಫೋನು ನನ್ನ ಸೊಂಟದಲ್ಲೇ ಇತ್ತು. ಪಿಕೋ ಮಷಿನ್ ತುಳಿಯುವಾಗಲೂ ಒಂದು ಕಣ್ಣು ಅದರ ಮೇಲೆ. ಗಿರಾಕಿಯೊಬ್ಬಳ ಹಸಿರು ಸೀರೆಗೆ ಬೇರೆ ಹಸಿರು ಫಾಲ್ಸ್ ಹಚ್ಚಿ ಬೈಸಿಕೊಂಡೆ. ಜನ್ಮದಲ್ಲಿ ನಾನು ಅಂಥ ತಪ್ಪು ಮಾಡಿದವಳಲ್ಲ.

ಒಂದು ಮುಂಜಾನೆ ಸೇಡಂನ ಚಹಾದವನು ಬರೆದ. ಪದ್ಧತಿಯಂತೆ ಮೂರೇ ಮಾತು: ಸವತಿಯ ನಂಬರು, ಸೇಡಂ, ವಾಡಿ ಕಡೆ. ನಾನು ಅಂಗಡಿಯ ಬಾಗಿಲೆಳೆದು ಓಡಿದೆ. ದಂಡೋತಿಯವನು ಹಾಲು ಹಾಕಿ ಹೊರಟಿದ್ದವನು ಅದೇ ಸುದ್ದಿ ನೋಡಿ ಟಂಟಂ ತಿರುಗಿಸಿ ನಮ್ಮ ಮನೆಮುಂದೆ ನಿಲ್ಲಿಸಿದ್ದ. "ವೈನಿ, ಜಲ್ದಿ ಅಣ್ಣಾಗ ಕರಕೊಂಡು ಬರ್ರಿ. ಸ್ಟೇಷನ್ ಬ್ಯಾಡ, ಅಲ್ಲಿ ಮೈಕಿನ ಗದ್ದಲ. ಗೇಟಿನ ಕಡಿ ಹೋಗೂಣ" ಎಂದ. ಇವರು ಆಗಲೇ ಸ್ವೆಟರ್ ಹಾಕಿಕೊಂಡು ಹೊಸ್ತಿಲಲ್ಲಿ ನಿಂತಿದ್ದರು. ಖಾಲಿ ಹಾಲಿನ ಕ್ಯಾನುಗಳ ನಡುವೆ ಅವರನ್ನು ಕೂಡಿಸಿದೆವು.

ಊರಾಚೆಯ ರೈಲ್ವೆ ಗೇಟಿನ ಹತ್ತಿರ ಸುತ್ತಲೂ ತೊಗರಿ ಹೊಲ. ಯಾವ ಗದ್ದಲವೂ ಇಲ್ಲ. ದಂಡೋತಿಯವನು ಫೋಟೋ ತೆಗೆಯಲು ದೂರದ ದಿನ್ನೆ ಹತ್ತಿದ. ನಾನು ಇವರ ಕೈ ಹಿಡಿದು ಗೇಟಿನ ಪಕ್ಕ ನಿಂತೆ. ಅವರು ಕಿವಿಗೆ ಕಟ್ಟಿದ್ದ ಮಫ್ಲರ್ ಬಿಚ್ಚಿದರು. ಚಳಿಯಲ್ಲೂ ಅವರ ಅಂಗೈ ಬೆವೆತಿತ್ತು. ಮದುವೆಯ ದಿನವೂ ಈ ಕೈ ಇಷ್ಟು ಬೆವೆತಿರಲಿಲ್ಲ.

ಗಾಡಿ ಬಂತು. ಮುಂದೆ ಕರೆಂಟ್ ಎಂಜಿನ್. ಅದರ ಬೆನ್ನಿಗೆ ಕಟ್ಟಿದ್ದು ನನ್ನ ಸವತಿ. ಬಾಗಿಲುಗಳು ಮುಚ್ಚಿದ್ದವು. ಒಳಗೆ ಯಾರೂ ಇರಲಿಲ್ಲ. ಹೊಗೆ ಇಲ್ಲ, ದೀಪ ಇಲ್ಲ, ಸಪ್ಪಳ ಇಲ್ಲ. ಎಂಜಿನ್ ಬಂದ್ ಮಾಡಿ ಸುಮ್ಮನೆ ಎಳೆದುಕೊಂಡು ಹೋಗುತ್ತಿದ್ದರು. ಅದರ ಹಿಂದೆ ವ್ಯಾಗನ್ನುಗಳು ಗಡಗಡ ಎಂದು ಸಾಗಿದವು. ಬಣ್ಣ ಹೇಳುವುದನ್ನೂ ಮರೆತೆ. ಅವರು ಕತ್ತು ಮುಂದೆ ಚಾಚಿ ಕಾಯುತ್ತಲೇ ಇದ್ದರು.

ಕಡೆಯ ವ್ಯಾಗನ್ ದಾಟಿತು. ದಿನ್ನೆಯ ಮೇಲಿಂದ ದಂಡೋತಿಯವನು ಕೂಗಿದ, "ಸಿಕ್ತು ಅಣ್ಣಾ. ಆಕಿನೇ. ನಂಬರ್ ಬರೋಬರಿ ಬಂದಾದ."

ಆಗ ನನಗೆ ಹೊಳೆಯಿತು. ಸೇಡಂನವನಿಗೂ ನಂಬರು ಸಾಕಾಗಿತ್ತು, ಇವನಿಗೂ ಸಾಕಾಗಿತ್ತು. ನಂಬರು, ಊರು, ದಿಕ್ಕು. ಎಂಜಿನ್ ಚಾಲೂ ಇದೆಯೋ ಇಲ್ಲವೋ ಎಂದು ಬರೆಯುವ ಪದ್ಧತಿ ಇರಲಿಲ್ಲ, ನನಗೂ ಕೇಳಬೇಕೆಂದು ತೋಚಲಿಲ್ಲ. ಎಂಜಿನ್ ಚಾಲೂ ಇರಲಿ, ಬಂದ್ ಇರಲಿ, ಕಣ್ಣಿದ್ದವರಿಗೆ ಫೋಟೋ ಒಂದೇ ರೀತಿ ಬರುತ್ತದೆ.

ಇವರು ಎರಡೂ ಕಿವಿಗಳ ಮೇಲೆ ಕೈಯಿಟ್ಟು, ತೆಗೆದು, ಮತ್ತೆ ಇಟ್ಟರು. "ನನಗ ಕೇಳಿಸಲಿಲ್ಲ" ಎಂದರು.

"ಅದು ಚಾಲೂ ಇದ್ದಿಲ್ರೀ. ಬಂದ್ ಮಾಡಿ ಎಳಕೊಂಡು ಹೊಂಟಾರ."

"ಕರೆಂಟ್ ಎಂಜಿನ್ ಕೇಳಿಸ್ತು. ಗಾಲಿ ಸಪ್ಪಳ ಕೇಳಿಸ್ತು. ಆಕಿದಷ್ಟೇ ಕೇಳಿಸಲಿಲ್ಲ." ನನ್ನ ಮಾತು ಅವರಿಗೆ ತಲುಪಿರಲೇ ಇಲ್ಲ. "ಕಣ್ಣೂ ಹಿಂಗೇ ಶುರು ಆಗಿತ್ತು. ಮೊದಲ ಒಂದು ಬಣ್ಣ ಹೋತು, ಆಮ್ಯಾಲ ಉಳಿದದ್ದೆಲ್ಲಾ ಹೋತು. ಈಗ ಕಿವಿ ಶುರು ಆತೇನು?"

"ದೇವರಾಣಿ ಹೇಳ್ತೀನಿ, ಎಂಜಿನ್ ಬಂದ್ ಇತ್ತು."

"ಕಣ್ಣಿಗೂ ಹಿಂಗೇ ಹೇಳಿದ್ರಿ ಎಲ್ಲಾರೂ. ಬರ್ತದ, ಬರ್ತದ ಅಂತ."

ಅಷ್ಟರಲ್ಲಿ ದಂಡೋತಿಯವನು ಇಳಿದು ಬಂದ. ಮಾತು ಕೇಳಿ ಪೆಚ್ಚಾಗಿ, "ಖರೇನೇ ಅದ ಅಣ್ಣಾ, ಬಂದೇ ಇತ್ತು. ಬೇಕಿದ್ರ ಫೋಟೋದಾಗ ನೋಡ್ರಿ" ಎಂದುಬಿಟ್ಟು, ನಾಲಿಗೆ ಕಚ್ಚಿಕೊಂಡ. ಇವರು ನನ್ನ ಕಡೆ ತಿರುಗಿ ಮೆಲ್ಲಗೆ ಹೇಳಿದರು, "ನೀ ಆತಗ ಕಣ್ಸನ್ನಿ ಮಾಡಿದ್ರ ನನಗ ಹೆಂಗ ಗೊತ್ತಾಗಬೇಕು?"

ನನಗೆ ಉರಿದುಹೋಯಿತು. ಇಷ್ಟು ವರ್ಷ ಈ ಮನುಷ್ಯನಿಗೆ ಬೆರಳು ಹಿಡಿದು ಊಟ ತೋರಿಸಿದ್ದೇನೆ, ಬಟ್ಟೆಯ ಗುಂಡಿ ಹಾಕಿದ್ದೇನೆ. ನನ್ನ ಮಾತು ಸುಳ್ಳೇ? ಜೋರಾಗಿ ಬೈಯಬೇಕೆಂದು ಬಾಯಿ ತೆರೆದೆ. ಅವರು ಮತ್ತೆ ಗಾಡಿ ಹೋದ ದಿಕ್ಕಿಗೆ ಕಿವಿ ಕೊಟ್ಟಿದ್ದರು. ಸಿಟ್ಟು ಅಲ್ಲಿಗೇ ಇಳಿಯಿತು, ದುಃಖ ಬಂತು. ನಾನು ಆ ಜಾಗದಲ್ಲಿದ್ದರೂ ಯಾರನ್ನೂ ನಂಬುತ್ತಿರಲಿಲ್ಲ.

"ನಡೀರಿ ವಾಡಿಗೆ" ಎಂದೆ. "ನನ್ನ ಮಾತ ಬ್ಯಾಡ. ನಿಮ್ಮ ಕೈಲೇ ಮುಟ್ಟಿ ನೋಡ್ರಿ. ಓಡಿದ ಎಂಜಿನ್ ಬಿಸಿ ಇರ್ತದ, ಎಳಕೊಂಡು ಹೋದದ್ದು ತಣ್ಣಗಿರ್ತದ. ಹೌದಿಲ್ಲೋ?"

"ಹೌದು" ಎಂದರು.

ಶಹಾಬಾದಿನ ಔಷಧಿ ಅಂಗಡಿಯವರಿಗೆ ಫೋನು ಮಾಡಿದೆ. ಅವರು ವಾಡಿಯಲ್ಲಿ ವಿಚಾರಿಸಿ, ಎಂಜಿನ್ನನ್ನು ಅಲ್ಲಿ ಬಿಚ್ಚಿ ಪ್ಲಾಟ್‌ಫಾರಂ ಕೊನೆಯ ಹಳಿಯ ಮೇಲೆ ನಿಲ್ಲಿಸಿದ್ದಾರೆ, ಸಂಜೆಯೊಳಗೆ ಬೇರೆ ಗಾಡಿಗೆ ಕಟ್ಟಿ ಮುಂದಕ್ಕೆ ಒಯ್ಯುತ್ತಾರೆ ಎಂದು ತಿಳಿಸಿದರು. ದಂಡೋತಿಯವನು ಮನೆಗೆ ಹೋಗುವುದು ಬಿಟ್ಟು ಟಂಟಂ ವಾಡಿ ರಸ್ತೆಗೆ ತಿರುಗಿಸಿದ. ದಾರಿಯುದ್ದಕ್ಕೂ ಇವರು ಕ್ಯಾನುಗಳು ಕುಲುಕಾಡಿ ಸದ್ದು ಮಾಡಿದಾಗಲೆಲ್ಲ ಒಂದು ಕಿವಿ ಮುಚ್ಚಿ, ಇನ್ನೊಂದು ಮುಚ್ಚಿ ಪರೀಕ್ಷೆ ಮಾಡಿಕೊಳ್ಳುತ್ತಿದ್ದರು. ಸದ್ದಿಲ್ಲದೆ ತುಟಿ ಆಡುತ್ತಿತ್ತು. ಏನೋ ಜಪ ಮಾಡುತ್ತಿದ್ದಾರೆ ಎಂದುಕೊಂಡೆ.

ದಂಡೋತಿಯವನು ಟಂಟಂ ಹತ್ತಿರವೇ ಉಳಿದ. ವಾಡಿ ಸ್ಟೇಷನ್ನಿನಲ್ಲಿ ಒಬ್ಬ ರೈಲ್ವೆ ನೌಕರ ಕೈಯಲ್ಲಿ ಬಾವುಟ ಹಿಡಿದು ನಿಂತಿದ್ದ. ಅವನಿಗೆ ವಿಷಯ ಹೇಳಿದೆ. ಇವರ ಮುಖವನ್ನು ಒಮ್ಮೆ ನೋಡಿ, "ಬರ್ರಿ, ನನ್ನ ಹಿಂದ ಬರ್ರಿ. ನಾ ಹೇಳೂತನಕ ಹಳಿ ದಾಟಬ್ಯಾಡ್ರಿ" ಎಂದು ತಾನೇ ಕರೆದುಕೊಂಡು ಹೋದ. ಪ್ಲಾಟ್‌ಫಾರಂ ಮುಗಿಯುವ ಇಳಿಜಾರಿನ ಕೆಳಗೆ ಸವತಿ ಒಬ್ಬಳೇ ನಿಂತಿದ್ದಳು. ಒಂದು ಕಾಲದಲ್ಲಿ ಕುಂಕುಮದಂಥ ಕೆಂಪು ಆಕೆಯದು, ಹಾಲಿನ ಬಣ್ಣದ ದಡಿ. ಈಗ ಇಟ್ಟಿಗೆಪುಡಿ ಸುರಿದ ಹಾಗಿದ್ದಳು. ನನಗೆ ಸಂಕಟವಾಯಿತು. ಎಷ್ಟೆಂದರೂ ಒಂದೇ ಮನೆಯಲ್ಲಿ ಬಾಳಿದ ಹಾಗೆ ಬಾಳಿದವರು ನಾವು.

"ಇದನ್ನ ನಿಮ್ಮವರು ಯಾರಾದ್ರೂ ಓಡಿಸ್ತಿದ್ರೇನ್ರಿ?" ಎಂದು ಆ ನೌಕರ ಕೇಳಿದ.

"ಇಲ್ಲಪ್ಪ. ಇದೇ ನಮ್ಮದು" ಎಂದೆ.

ಇವರ ಕೈಯನ್ನು ಎತ್ತಿ ಎಂಜಿನ್ನಿನ ಮೈಗೆ ಇಟ್ಟೆ. ಇಟ್ಟ ಕೂಡಲೇ ಅವರು ಸುಟ್ಟವರಂತೆ ಕೈ ಹಿಂದೆಗೆದುಕೊಂಡರು.

"ಬಿಸಿ ಅದ" ಎಂದರು.

ನಾನು ಮುಟ್ಟಿ ನೋಡಿದೆ. ಹೌದು, ಬೆಚ್ಚಗಿತ್ತು. ಹೊತ್ತು ಏರಿ ಆ ಮಗ್ಗುಲಿಗೆ ಬಿಸಿಲು ನೆಟ್ಟಗೆ ಬಿದ್ದಿತ್ತು. "ಅದು ಬಿಸಿಲಿಂದ್ರೀ" ಎಂದೆ. ಅವರು ಕೇಳಲಿಲ್ಲ. ಅಲ್ಲೇ ಇಳಿಜಾರಿನ ಮೇಲೆ ಕುಳಿತುಬಿಟ್ಟರು. "ಚಾಲೂ ಇತ್ತು ಆಕಿ. ಎಲ್ಲಾರಿಗೂ ಕೇಳಿಸ್ಯಾದ. ನನಗಷ್ಟೇ ಕೇಳಿಸಿಲ್ಲ" ಎಂದರು. ಕಣ್ಣು ಹೋಯಿತು ಎಂದು ಹೈದರಾಬಾದಿನಲ್ಲಿ ತಿಳಿದ ದಿನವೂ ಅವರು ಹೀಗೆ ಕೈಚೆಲ್ಲಿ ಕುಳಿತಿರಲಿಲ್ಲ.

ರೈಲ್ವೆಯವನು ನಮ್ಮಿಬ್ಬರನ್ನೂ ನೋಡಿದ. ಏನು ನಡೆದಿದೆ ಎಂದು ಅವನಿಗೆ ಪೂರ್ತಿ ತಿಳಿಯಿತೋ ಇಲ್ಲವೋ. ಬಾಗಿ ಇವರ ರಟ್ಟೆ ಹಿಡಿದು, "ಏಳ್ರಿ ಕಾಕಾ, ಆ ಕಡಿ ನೆರಳು ಅದ, ಅಲ್ಲಿ ಮುಟ್ಟಿ ನೋಡ್ರಿ" ಎಂದ. ಎರಡೂ ಕಡೆ ನೋಡಿ, ಬಾವುಟ ಹಿಡಿದೇ ನಮ್ಮನ್ನು ಎಂಜಿನ್ನಿನ ಆಚೆ ಮಗ್ಗುಲಿಗೆ ದಾಟಿಸಿದ. ಅಲ್ಲಿ ಬಿಸಿಲು ಬಿದ್ದಿರಲಿಲ್ಲ. ನಾನು ಈ ಸಲ ಅವರ ಕೈ ಹಿಡಿಯಲಿಲ್ಲ. ಅವರಷ್ಟಕ್ಕೆ ಅವರೇ ಮುಟ್ಟಲಿ ಎಂದು ಹಿಂದೆ ಸರಿದು ನಿಂತೆ.

ಅವರು ಅಂಗೈ ಇಟ್ಟರು. ತೆಗೆಯಲಿಲ್ಲ. ಗೋಡೆಗುಂಟ ನಡೆಯುವವರ ಹಾಗೆ ಕೈ ಸರಿಸುತ್ತ ಮೆಲ್ಲಗೆ ಮುಂದೆ ಹೋದರು. ಜಾಲರಿಯ ಕಿಂಡಿಗಳಲ್ಲಿ ಬೆರಳು ತೂರಿಸಿ ನೋಡಿದರು. ಒಳಗಿನ ಯಂತ್ರ ಅಲ್ಲೇ ಇರುವುದು, ಚಾಲೂ ಇದ್ದರೆ ಕೈ ಇಡಲಾರದಷ್ಟು ಕಾವು ಬರುವ ಜಾಗ ಅದು. ಆಮೇಲೆ ಕೆನ್ನೆಯನ್ನೇ ಒತ್ತಿ ನಿಂತರು. ಧೂಳು, ತುಕ್ಕು ಎಲ್ಲ ಮುಖಕ್ಕೆ ಮೆತ್ತಿತು.

"ತಣ್ಣಗದ" ಎಂದರು. ಮತ್ತೊಮ್ಮೆ, "ಭಾಳ ತಣ್ಣಗದ."

ಸದ್ಯ, ಕಿವಿ ಉಳಿಯಿತು ಎಂದು ಅವರು ನಗುತ್ತಾರೆ ಎಂದುಕೊಂಡು ಹತ್ತಿರ ಹೋದೆ. ನಗಲಿಲ್ಲ. ಎಂಜಿನ್ನಿಗೆ ಹಣೆ ಹಚ್ಚಿ ಬಿಕ್ಕಿ ಬಿಕ್ಕಿ ಅಳತೊಡಗಿದರು. ಮದುವೆಯಾಗಿ ಇಷ್ಟು ವರ್ಷಕ್ಕೆ ನಾನು ಅವರನ್ನು ಹಾಗೆ ನೋಡಿರಲಿಲ್ಲ. ಬೆನ್ನ ಮೇಲೆ ಕೈಯಿಟ್ಟು, "ಯಾಕ್ರೀ, ನಿಮ್ಮ ಕಿವಿ ಚಲೋ ಅದಾವಲ್ಲ, ಮತ್ಯಾಕ ಅಳ್ತೀರಿ?" ಎಂದೆ.

"ಚಿತ್ತಾಪುರದಿಂದ ಇಲ್ಲಿತನಕ" ಎಂದರು ಅವರು, "ಆಕಿ ಸತ್ತಿರಲಿ ದೇವ್ರೇ, ಆಕಿ ಸತ್ತಿರಲಿ ಅಂತ ಬೇಡ್ಕೋತ ಬಂದೀನಿ."